ಮಾರ್ದನಿ ಸೋಸುವ ಪೆಟ್ಟಿಗೆ

ನಾನು ಒಂದು ವೈರ್‌ಲೆಸ್ ಪೆಟ್ಟಿಗೆ. ಹುಟ್ಟಿದ್ದು ಕಾರ್ಖಾನೆಯ ಮೇಜಿನ ಮೇಲೆ. ಕಿವಿ ತೆರೆದದ್ದು ಸಂಡೂರಿನ ಗುಡ್ಡಗಳ ನಡುವೆ, ಒಂದು ಆಂಬುಲೆನ್ಸಿನೊಳಗೆ.

ಅಲ್ಲಿ ಯಾವ ಮಾತೂ ಒಂದೇ ಸಲ ಬರುತ್ತಿರಲಿಲ್ಲ. ಟವರಿನಿಂದ ನೇರವಾಗಿ ಒಮ್ಮೆ, ಗುಡ್ಡಕ್ಕೆ ಬಡಿದು ತಡವಾಗಿ ಇನ್ನೊಮ್ಮೆ, ಅದಿರಿನ ಲಾರಿಗಳಿಗೆ ತಾಗಿ ಮತ್ತೊಮ್ಮೆ. ಒಂದರ ಮೇಲೊಂದು ಬಿದ್ದು ಎಲ್ಲ ಕಲಸುಮೇಲೋಗರ. ಅದನ್ನು ಬಿಡಿಸುವುದೇ ನನ್ನ ಕಸುಬು. ಮಾತಿನ ಜೊತೆಗೆ ನನಗೆ ಮೊದಲೇ ಗೊತ್ತಿರುವ ಒಂದು ಗುರುತಿನ ಸದ್ದು ಬರುತ್ತದೆ. ಅದು ಹೇಗೆ ಕೆಟ್ಟು ಬಂದಿದೆಯೆಂದು ನೋಡಿ, ಮಾತಿನಿಂದಲೂ ಆ ಕೇಡನ್ನು ಕಳೆಯುತ್ತೇನೆ. ಆದರೆ ಗಾಡಿ ತಿರುವು ದಾಟಿದರೆ ಕಲಿತದ್ದೆಲ್ಲ ಸುಳ್ಳು. ಮತ್ತೆ ಮೊದಲಿನಿಂದ.

ನನ್ನನ್ನು ಹಿಡಿಯುತ್ತಿದ್ದವಳು ನರ್ಸ್ ಹುಲಿಗೆಮ್ಮ. ಅವಳಿಗೂ ನನ್ನಂತೆಯೇ ಬಿಡುವಿಲ್ಲ, ಗಾಡಿ ಖಾಲಿಯಿದ್ದರೂ ಕೂತಲ್ಲಿ ಕೂರಳು.

ಒಂದು ಮಧ್ಯಾಹ್ನ ಗಣಿ ಕಾಲೊನಿಯ ಬಸುರಿ ಮೆಹಬೂಬಿಯನ್ನು ಹೊಸಪೇಟೆಗೆ ಒಯ್ಯುತ್ತಿದ್ದೆವು. ಇಳಿಜಾರಿನಲ್ಲೇ ಕೂಸಿನ ತಲೆ ಹೊರಬಂತು, ಭುಜ ಸಿಕ್ಕಿಕೊಂಡಿತು. ಹುಲಿಗೆಮ್ಮ ನನ್ನ ಗುಂಡಿ ಒತ್ತಿ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದಳು. ಉತ್ತರ ಬರುವಾಗಲೇ ಗಾಡಿ ತಿರುಗಿತು. ಎದುರಿಗೆ ಲಾರಿಗಳ ಸಾಲು. ನಾನು ಹೆಣಗಿದೆ. ಅವಳ ಕಿವಿಗೆ ಮುಟ್ಟಿದ್ದು ಇಷ್ಟೇ: "ತಲೀ ಹಿಡ್ದು ಎಳೀ... ರಿ."

ಕೂಸಿನ ಮುಖ ನೀಲಿಗಟ್ಟುತ್ತಿತ್ತು. ಹುಲಿಗೆಮ್ಮನ ಕೈ ಅದರ ತಲೆಯ ಮೇಲಿತ್ತು. ಅವಳು ಎಳೆಯಲಿಲ್ಲ.

"ಎರ್ರಿಸ್ವಾಮಣ್ಣ, ಗಾಡಿ ನಿಲ್ಸು."

"ಇಲ್ಲಿ ನಿಂತ್ರ ತಡ ಆಗತೈತಲ್ಲಮ್ಮ," ಎಂದ ಡ್ರೈವರ್.

"ನಿಲ್ಸಣ್ಣ. ನಡುವ ಏನೋ ಬಿಟ್ಟೋಗೈತಿ."

ಗಾಡಿ ನಿಂತಿತು. ಗುಡ್ಡವೂ ನಿಂತಿತು. ಆ ಜಾಗದ ಮಾರ್ದನಿಯನ್ನು ನಾನು ಅವಸರದಲ್ಲಿ ಕಲಿತೆ. ಅವಳು ಮತ್ತೆ ಕೇಳಿದಳು.

"ತಲೀ ಹಿಡ್ದು ಎಳೀಬ್ಯಾಡ್ರಿ, ಸಿಸ್ಟರ್. ತಾಯಿ ಮೊಣಕಾಲು ಮಡಚಿ ಹೊಟ್ಟಿ ಕಡೆ ಒತ್ತಿ ಹಿಡೀರಿ."

ಒಂದು ಕಾಲನ್ನು ಜೊತೆಗೆ ಬಂದಿದ್ದ ಮೆಹಬೂಬಿಯ ಅತ್ತೆ ಹಿಡಿದಳು. ಇನ್ನೊಂದನ್ನು, ಮುಖ ಆಚೆ ತಿರುಗಿಸಿಕೊಂಡು, ಎರ್ರಿಸ್ವಾಮಿ. ಭುಜ ಜಾರಿತು. ಹುಲಿಗೆಮ್ಮ ಕೂಸಿನ ಮೈ ಒರೆಸಿ ಬೆನ್ನು ಉಜ್ಜಿದಳು. ಆಮೇಲೆ ಕೂಸು ಅತ್ತಿತು.

ಈಗ ನನಗೆ ಬ್ಯಾಟರಿ ಹಾಕುವವರಿಲ್ಲ. ಹೊಸ ಸೆಟ್ಟುಗಳು ಬಂದ ಮೇಲೆ ತರಬೇತಿ ಕೋಣೆಯ ಮೇಜು ಸೇರಿದ್ದೇನೆ. ಹುಲಿಗೆಮ್ಮನಿಗೆ ಕನ್ನಡಕ ಬಂದಿದೆ. ಹೊಸ ನರ್ಸುಗಳಿಗೆ ಕಲಿಸುತ್ತಾಳೆ. ಮೊನ್ನೆ ಒಬ್ಬಳು ಕೇಳಿದಳು: "ಆವತ್ತು ಮಾತು ಬಿಟ್ಟೋಗೈತಿ ಅಂತ ಹೆಂಗ ಗೊತ್ತಾತ್ರಿ?"

"ಗೊತ್ತಾಗ್ಲಿಲ್ಲವ್ವ. ಅನುಮಾನ ಬಂತು. ಇನ್ನೊಮ್ಮೆ ಕೇಳಾಕ ನಾಚಬ್ಯಾಡ್ರಿ."

ಜೀವಮಾನವಿಡೀ ನನ್ನ ಮಾತನ್ನು ನಂಬಿಸಲೆಂದೇ ಹೆಣಗಿದವನು ನಾನು. ಆ ಒಂದು ಮಾತನ್ನು ಅವಳು ನಂಬದೆ ಹೋದದ್ದಕ್ಕೆ ಇಂದಿಗೂ ಋಣಿ.