ಸೆಲ್ಬಿಯ ಕಣ್ಣು, ಲಿಯಾಂಡರ್ ಮಾವನ ಅಯಸ್ಕಾಂತ

ಪಾರ್ಟ್ರಿಜ್ ಕೋವ್‌ನ ದೋಣಿಕಟ್ಟೆಯಲ್ಲಿ ಯಾರ ಕಣ್ಣಿಗೆ ಕಬ್ಬಿಣದ ಚೂರು ಹಾರಿದರೂ ಅವರು ಡಾಕ್ಟರ ಹತ್ತಿರ ಓಡುವುದಿಲ್ಲ. ಲಿಯಾಂಡರ್ ಮಾವನ ಹತ್ತಿರ ಹೋಗುತ್ತಾರೆ. ಎಪ್ಪತ್ನಾಲ್ಕು ವರ್ಷದ ಆ ಮುದುಕ ಅವರನ್ನು ಒಂದು ಬಣ್ಣದ ಡಬ್ಬದ ಮೇಲೆ ಕೂರಿಸಿ, ರೆಪ್ಪೆ ಮಡಚಿ, ಬೆಂಕಿಕಡ್ಡಿಯ ತುದಿಗೆ ಅಂಟಿಸಿದ ಪುಟ್ಟ ಅಯಸ್ಕಾಂತವನ್ನು ಕಣ್ಣಿನ ಹತ್ತಿರ ತರುತ್ತಾನೆ. "ಅಲ್ಲಾಡಬೇಡ್ವೋ ಕತ್ತೆ" ಎನ್ನುತ್ತಾನೆ. ಆಮೇಲೆ "ಬಂತು" ಎನ್ನುತ್ತಾನೆ. ಒಂದು ಲೋಟ ಟೀ ಕುಡಿಸಿ ಕಳಿಸುತ್ತಾನೆ.

ನ್ಯೂಫೌಂಡ್‌ಲ್ಯಾಂಡಿನ ಆ ಕರಾವಳಿಯಲ್ಲಿ ಚಳಿಗಾಲ ಮುಗಿಯುತ್ತಿದ್ದಂತೆ ಏಡಿ ಹಿಡಿಯುವ ಕಬ್ಬಿಣದ ದೋಣಿಗಳ ತುಕ್ಕನ್ನು ಯಂತ್ರದ ಚಕ್ರದಿಂದ ಉಜ್ಜುವ ಕೆಲಸ ಶುರು. ಕಿಡಿ ಹಾರದ ದಿನವೇ ಇಲ್ಲ. ಕಿಡಿ ತಡೆಯುವ ಕನ್ನಡಕ ಕೊಟ್ಟರೆ ಮಂಜು ಕಟ್ಟಿಕೊಳ್ಳುತ್ತದೆ ಎಂದು ಹಣೆಯ ಮೇಲೆ ಏರಿಸಿಬಿಡುವ ಜನ ಅವರು!

ಎಫಿಯ ಗಂಡ ಸೆಲ್ಬಿಯೂ ಆ ಡಬ್ಬದ ಮೇಲೆ ಮೂರು ಸಲ ಕೂತೆದ್ದವನೇ. ಅವನ ಎಡಗಣ್ಣು ಹತ್ತೊಂಬತ್ತನೇ ವಯಸ್ಸಿನಲ್ಲೇ ಗಾಳ ಚುಚ್ಚಿ ಹೋಗಿತ್ತು. ಉಳಿದದ್ದು ಬಲಗಣ್ಣೊಂದೇ. ಆ ಒಂದು ಕಣ್ಣಿನಲ್ಲೇ ಅವನು ದೋಣಿ ನಡೆಸುತ್ತಿದ್ದ, ಬಲೆ ಹೆಣೆಯುತ್ತಿದ್ದ, ಇಸ್ಪೀಟಿನಲ್ಲಿ ಮೋಸವನ್ನೂ ಮಾಡುತ್ತಿದ್ದ.

ಈಗ ಬಂದಿದ್ದ ಕಾಯಿಲೆ ಕಣ್ಣಿನದಲ್ಲ, ಬೆನ್ನಿನದು. ಸೊಂಟದಿಂದ ಶುರುವಾದ ನೋವು ಕಾಲಿಗಿಳಿದು, ಪಾದ ಎತ್ತಿಡಲು ಆಗದೆ ಮೆಟ್ಟಿಲು ಎಡವುವಷ್ಟಾಗಿತ್ತು. ಊರಿನ ಚಿಕ್ಕ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಿತ್ತು. "ನರಕ್ಕೆ ಏನೋ ಒತ್ತುತ್ತಿರಬೇಕು. ಎಂಆರ್‌ಐ ಆಗಬೇಕು" ಎಂದು ಪಟ್ಟಣದ ದೊಡ್ಡ ಆಸ್ಪತ್ರೆಗೆ ಬರೆದರು. ಎಂಟು ತಿಂಗಳು ಕಾದ ಮೇಲೆ ಪತ್ರ ಬಂತು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಬೇಕು. ಜೊತೆಗೊಂದು ಪ್ರಶ್ನೆಗಳ ಹಾಳೆ.

ಸೆಲ್ಬಿ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಓದಿದ. ಅವನ ಹುಬ್ಬು ಗಂಟಿಕ್ಕಿತು.

"ನೋಡೇ ಇಲ್ಲಿ. ‘ಕಣ್ಣಿಗೆ ಯಾವತ್ತಾದರೂ ಲೋಹದ ಚೂರು ಬಿದ್ದಿತ್ತೇ?’ ಬೆನ್ನು ನೋಡೋರಿಗೆ ನನ್ನ ಕಣ್ಣಿನ ಉಸಾಬರಿ ಯಾಕಂತೆ? ಇದರಲ್ಲೇನೋ ಮಸಲತ್ತಿದೆ."

"ದೋಣಿಕಟ್ಟೇಲಿ ಏನಂತಾರೆ?" ಎಂದಳು ಎಫಿ.

"ಎಲ್ಲದಕ್ಕೂ ಇಲ್ಲ ಅಂತ ಗೀಚು ಅಂತಾರೆ. ಒಂದಕ್ಕೆ ಹೌದು ಅಂದ್ರೂ ಸಾಲಿನಿಂದ ಆಚೆ ಹಾಕ್ತಾರಂತೆ. ನಮ್ಮ ಕಟ್ಟೆ ಗಾರ್ಲಂಡ್ ಹಂಗೇ ವಾಪಸ್ ಬಂದ ನೋಡು. ಜನ ಕಮ್ಮಿ ಮಾಡೋಕೆ ಹೂಡಿರೋ ಆಟ ಇದು."

ಎಫಿಗೂ ಅದು ನಿಜವೆನ್ನಿಸಿತು. ಪಟ್ಟಣದವರು ಸುಮ್ಮನೆ ಏನನ್ನೂ ಕೇಳುವವರಲ್ಲ. ಅವಳೇ ಪೆನ್ನು ಹುಡುಕಿ ಕೊಟ್ಟಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವರ್ನಾ ಬಂದಳು. ಆ ಊರಿನಲ್ಲಿ ಬಾಗಿಲು ತಟ್ಟುವವರು ಪೊಲೀಸರು ಮಾತ್ರ. ವರ್ನಾ ಎರಡು ಮನೆ ಆಚೆಯವಳು, ಚಿಕ್ಕ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತಿಯಾದವಳು. ಕೈಯಲ್ಲಿ ಕೆಂಪು ಹಣ್ಣಿನ ಜಾಮ್ ಬಾಟಲಿ. ಇವಳು ನಮ್ಮ ಮನೆಗೆ ಜಾಮ್ ತಂದು ಯಾವ ಕಾಲವಾಯಿತು ಎಂದು ಎಫಿ ಲೆಕ್ಕ ಹಾಕಿದಳು. ನಾಲ್ಕು ವರ್ಷ.

"ಪತ್ರ ಬಂತಂತೆ," ಎಂದು ವರ್ನಾ ಒಲೆಯ ಪಕ್ಕದ ಮಂಚದ ಮೇಲೆ ಕೂತಳು. "ಕಣ್ಣಿನ ಪ್ರಶ್ನೆಗೆ ಏನು ಬರೆದೆ ಸೆಲ್ಬಿ?"

"ನಿನಗ್ಯಾಕೆ?"

"ಆ ಯಂತ್ರ ಇದ್ಯಲ್ಲ, ಅದೇ ಒಂದು ದೊಡ್ಡ ಮ್ಯಾಗ್ನೆಟ್ಟು ಕಣೋ. ಲಿಯಾಂಡರ್ ಮಾವನ ಬೆಂಕಿಕಡ್ಡಿ ಮ್ಯಾಗ್ನೆಟ್ ಅದರ ಮುಂದೆ ಏನೇನೂ ಅಲ್ಲ. ಕಣ್ಣೊಳಗೆ ಒಂದು ಸಣ್ಣ ಕಬ್ಬಿಣದ ಚೂರು ಉಳಿದಿದ್ರೂ ಎಳೆದಾಡಿಬಿಡುತ್ತೆ. ಒಳಗೇ ರಕ್ತ ಸುರಿದು ಕಣ್ಣು ಹೋಗಬಹುದು. ನಿನಗಿರೋದೇ ಒಂದು."

"ಮಾವ ಎಲ್ಲಾ ತೆಗೆದಿದಾನೆ. ನಾನೇ ನೋಡಿದೀನಿ."

"ಯಾವ ಕಣ್ಣಲ್ಲಿ ನೋಡ್ದೆ? ಆ ಇನ್ನೊಂದು ಕಣ್ಣಲ್ಲಾ?"

ಎಫಿಗೆ ನಗು ಬಂತು, ತಡೆದುಕೊಂಡಳು. "ಅಷ್ಟು ಅಪಾಯದ್ದಾದ್ರೆ ಡಾಕ್ಟ್ರು ಯಾಕೆ ಅದನ್ನೇ ಬರೆದ್ರು ವರ್ನಾ?"

"ಅವರು ಸರಿಯಾಗೇ ಬರೆದಿದಾರೆ. ಎಕ್ಸ್‌ರೇ ಮೂಳೆ ತೋರಿಸುತ್ತೆ, ನರ ತೋರಿಸಲ್ಲ. ನರಕ್ಕೆ ಎಂಆರ್‌ಐನೇ ವಾಸಿ. ನಿನ್ನ ಪಿತ್ತಕೋಶದ ಕಲ್ಲು ಯಾವುದರಲ್ಲಿ ಸಿಕ್ತು ಹೇಳು?"

"ಹೊಟ್ಟೆ ಮೇಲೆ ತಣ್ಣಗಿರೋ ಲೋಳೆ ಸವರಿ ಏನೋ ಓಡಿಸ್ತಾರಲ್ಲ, ಅದರಲ್ಲಿ."

"ಅಲ್ಟ್ರಾಸೌಂಡು. ಬಸುರಿಯರಿಗೆ ಮಾಡೋದು ನನಗ್ಯಾಕೆ ಅಂತ ಆವತ್ತು ನೀನು ಎಷ್ಟು ಕೂಗಾಡಿದೆ! ಕಲ್ಲು ಸಿಕ್ಕಿದ್ದು ಅದರಲ್ಲೇ ತಾನೆ? ಸೆಲ್ಬಿ, ನಿನ್ನ ಶೆಡ್ಡಲ್ಲಿ ನೂರು ಸಾಮಾನಿದೆ. ದೊಡ್ಡದು ಅಂತ ಎಲ್ಲಾ ಕೆಲಸಕ್ಕೂ ಸುತ್ತಿಗೆನೇ ಎತ್ಕೋತೀಯಾ? ಪರೀಕ್ಷೆ ಅನ್ನೋದು ಕಾಯಿಲೆಗೂ ಒಪ್ಪಬೇಕು, ಆ ಮನುಷ್ಯನಿಗೂ ಒಪ್ಪಬೇಕು. ಅದಕ್ಕೇ ಅಷ್ಟೊಂದು ಪ್ರಶ್ನೆ ಕೇಳೋದು."

"ಆಯ್ತು, ಆಯ್ತು," ಎಂದ ಸೆಲ್ಬಿ. ವರ್ನಾ ಎದ್ದು ಹೋಗಿ ಬಾಗಿಲು ಮುಚ್ಚಿಕೊಂಡ ಕೂಡಲೇ ಹೆಂಡತಿಯ ಕಡೆ ಬಾಗಿದ. "ಇವಳ ತಮ್ಮ ಸಿಸಿಲ್ ಸಾಲಲ್ಲಿ ನನ್ನ ಹಿಂದೆನೇ ಇದಾನಂತೆ. ನಾನು ಬಿಟ್ರೆ ಅವನು ಒಳಗೆ. ಜಾಮ್ ಯಾಕೆ ಬಂತು ಅಂತ ಈಗ ಗೊತ್ತಾಯ್ತಾ?"

ಎಫಿ ಜಾಮ್ ಬಾಟಲಿಯನ್ನು ಮುಚ್ಚಳ ತೆಗೆಯದೆ ಕಪಾಟಿನ ಹಿಂದಕ್ಕೆ ತಳ್ಳಿದಳು. ತನ್ನ ಬೇಳೆ ಬೇಯಿಸಿಕೊಳ್ಳಲು ಬಂದಿದ್ದಾಳೆ, ಎಂಥ ಹೆಂಗಸಪ್ಪ! ಸೆಲ್ಬಿ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಗೀಚಿ ಹಾಳೆಯನ್ನು ಮಡಚಿಟ್ಟ.

ಆದರೆ ಮಂಗಳವಾರ ಬೆಳಿಗ್ಗೆ ಕಾರಿನಲ್ಲಿ ಕೂತಾಗ ಎಫಿಗೆ ಬೇರೆಯೇ ಒಂದು ಸಂಶಯ ತಲೆಯಲ್ಲಿ ಕೊರೆಯತೊಡಗಿತು. ಹೋದ ಮಾರ್ಚ್‌ನಲ್ಲಿ ಸೆಲ್ಬಿ ಮೂರನೇ ಸಲ ಡಬ್ಬದ ಮೇಲೆ ಕೂತಾಗ ಟಾರ್ಚ್ ಹಿಡಿದು ನಿಂತವಳು ಅವಳೇ. ಲಿಯಾಂಡರ್ ಮಾವ "ಬಂತು" ಎಂದು ಅಯಸ್ಕಾಂತವನ್ನು ಬಟ್ಟೆಗೆ ಒರೆಸಿದ್ದ. ಆ ಬಟ್ಟೆಯ ಮೇಲೆ ಅವಳಿಗೆ ಏನೂ ಕಂಡಿರಲಿಲ್ಲ. ಮುದುಕನ ಕೈ ನಡುಗುತ್ತಿತ್ತು. ಆಮೇಲೆ ಹತ್ತು ದಿನ ಸೆಲ್ಬಿಯ ಕಣ್ಣಿನಿಂದ ನೀರು ಸೋರಿತ್ತು.

ಯಾರನ್ನು ನಂಬಬೇಕು? ಜಾಮ್ ತಂದವಳನ್ನೋ, ಟೀ ಕುಡಿಸಿದವನನ್ನೋ?

"ಅಲ್ಲಿ ನೀನು ಬಾಯಿ ಬಿಡಬಾರದು," ಎಂದ ಸೆಲ್ಬಿ, ರಸ್ತೆಗೆ ಕಡವೆ ನುಗ್ಗೀತೆಂದು ಒಂದೇ ಕಣ್ಣಿನಲ್ಲಿ ಕಾಡಿನ ಅಂಚನ್ನು ನೋಡುತ್ತ. "ಇನ್ನೆಂಟು ತಿಂಗಳು ಈ ಕಾಲು ಎಳ್ಕೊಂಡು ಓಡಾಡೋಕೆ ನನ್ನ ಕೈಲಾಗಲ್ಲ."

ಅವಳು ಹೂಂ ಎಂದಳು.

ಆಸ್ಪತ್ರೆಯಲ್ಲಿ ಕೊರಿನ್ ಎಂಬ ಹುಡುಗಿ ಅವರನ್ನು ಕರೆದಳು. ಯಂತ್ರ ನಡೆಸುವವಳು ಅವಳೇ. ನಗುನಗುತ್ತಾ ಮಾತಾಡುತ್ತಿದ್ದಳು. ಇಷ್ಟು ನಗುವವರು ಏನನ್ನೋ ಮುಚ್ಚಿಡುತ್ತಾರೆ ಎಂದುಕೊಂಡಳು ಎಫಿ. ಹಾಳೆ ಕೈಯಲ್ಲಿದ್ದರೂ ಹುಡುಗಿ ಎಲ್ಲವನ್ನೂ ಮತ್ತೆ ಬಾಯಿಬಿಟ್ಟು ಕೇಳಿದಳು.

"ಎದೆಯಲ್ಲಿ ಪೇಸ್‌ಮೇಕರ್ ಇದ್ಯಾ ಯಜಮಾನ್ರೇ?"

"ಇಲ್ಲ."

"ತಲೆ ಒಳಗೆ ಕ್ಲಿಪ್ಪು, ಗಿಪ್ಪು?"

"ಇಲ್ಲ."

"ಕಬ್ಬಿಣ ಉಜ್ಜೋ ಕೆಲಸ ಯಾವತ್ತಾದ್ರೂ ಮಾಡಿದೀರಾ? ಕಣ್ಣಿಗೆ ಚೂರು ಹಾರಿತ್ತಾ?"

"ಇಲ್ಲಮ್ಮಾ, ಇಲ್ಲ. ಮೀನು ಹಿಡಿಯೋನು ನಾನು."

ಹುಡುಗಿ ಅವನ ಕೈಗಳನ್ನು ನೋಡಿದಳು. ಕಿಡಿ ತಾಗಿ ಸುಟ್ಟ ಕಪ್ಪು ಚುಕ್ಕೆಗಳು ಮೊಣಕೈವರೆಗೂ ಇದ್ದವು. ಸೆಲ್ಬಿ ಮಾತ್ರ ಏನೂ ಆಗದವನಂತೆ ಬೆಲ್ಟು, ಉಂಗುರ, ಮೀನು ಸೀಳುವ ಚಾಕು ಎಲ್ಲವನ್ನೂ ಬುಟ್ಟಿಗೆ ಹಾಕುತ್ತಿದ್ದ. ಎದುರಿನ ದಪ್ಪ ಬಾಗಿಲಿನ ಮೇಲೆ ಅಯಸ್ಕಾಂತದ ಕೆಂಪು ಚಿತ್ರವಿತ್ತು. ವರ್ನಾ ಅಷ್ಟಾದರೂ ನಿಜ ಹೇಳಿದ್ದಳು.

ಆ ಬಾಗಿಲಿನಾಚೆಯಿಂದ ಅವನು ಕುರುಡನಾಗಿ ಬಂದರೆ? ಅವನ ಕೈ ಹಿಡಿದು ದೋಣಿಕಟ್ಟೆಗೆ ಕರೆದುಕೊಂಡು ಹೋಗಿ, ಇದು ನಿನ್ನ ದೋಣಿ, ಮುಟ್ಟಿ ನೋಡು ಎನ್ನಬೇಕಾಗುತ್ತದೆ.

"ಸುಳ್ಳು," ಎಂದುಬಿಟ್ಟಳು ಎಫಿ. "ಅವನು ಹೇಳ್ತಿರೋದು ಸುಳ್ಳು ಕಣಮ್ಮಾ. ಮೂರು ಸಲ ಚೂರು ಹೊಕ್ಕಿದೆ. ಡಾಕ್ಟ್ರಿಗೆ ತೋರಿಸಿಲ್ಲ. ಊರಲ್ಲಿ ಒಬ್ಬ ಮುದುಕ ಮ್ಯಾಗ್ನೆಟ್ ಇಟ್ಟು ತೆಗೀತಾನೆ. ಕೊನೇ ಸಲದ್ದು ಬಂತೋ ಇಲ್ವೋ ನನಗೆ ಗೊತ್ತಿಲ್ಲ."

"ಹಾಳು ಮಾಡಿದ್ಯಲ್ಲೇ!" ಸೆಲ್ಬಿಯ ಮುಖ ಕೆಂಪಾಯಿತು. "ಎಂಟು ತಿಂಗಳು ಕಾದಿದ್ದು ನೀರುಪಾಲಾಯ್ತು! ನೀನೂ ವರ್ನಾ ಜೊತೆ ಸೇರ್ಕೊಂಡ್ಯಾ?"

ಕೊರಿನ್ ನಗಲಿಲ್ಲ, ರೇಗಲೂ ಇಲ್ಲ. "ಯಾರೂ ನಿಮ್ಮನ್ನ ಆಚೆ ಹಾಕಲ್ಲ ಯಜಮಾನ್ರೇ. ಪಕ್ಕದ ಕೋಣೇಲಿ ಕಣ್ಣಿಗೆ ಎಕ್ಸ್‌ರೇ ತೆಗೀತೀವಿ. ಐದು ನಿಮಿಷ. ಏನೂ ಇಲ್ಲ ಅಂದ್ರೆ ಇವತ್ತೇ, ಈಗಲೇ ಒಳಗೆ ಮಲಗಿಸ್ತೀನಿ."

"ಎಕ್ಸ್‌ರೇನಾ? ಆ ಹಳೇ ಡಬ್ಬಾ ಎಕ್ಸ್‌ರೇನಾ?"

"ಕಬ್ಬಿಣ ಹುಡುಕೋಕೆ ಅದೇ ಸಾಕು."

ಮೇಲೆ ನೋಡಿ ಎಂದರು, ಕೆಳಗೆ ನೋಡಿ ಎಂದರು. ಮುಗಿಯಿತು. ಕೊರಿನ್ ಇಬ್ಬರನ್ನೂ ಪರದೆಯ ಮುಂದೆ ಕರೆದಳು. ಬಲಗಣ್ಣಿನ ಗುಳಿಯಲ್ಲಿ ಎಳ್ಳಿಗಿಂತ ಚಿಕ್ಕದೊಂದು ಬಿಳಿ ಚುಕ್ಕೆ ಹೊಳೆಯುತ್ತಿತ್ತು.

ಸೆಲ್ಬಿ ಬಹಳ ಹೊತ್ತು ನೋಡಿದ. "ಗಾಜಿನ ಮೇಲಿರೋ ಧೂಳಿರಬೇಕು," ಎಂದು ಬೆರಳಿನಿಂದ ಪರದೆಯನ್ನು ಒರೆಸಿದ. ಚುಕ್ಕೆ ಅಲ್ಲೇ ಇತ್ತು. ಅವನು ಕುರ್ಚಿಯ ಮೇಲೆ ಕುಸಿದು ಕೂತ. ಎಫಿಗೆ ಅಳು ಬಂತು. ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ಮನೆಗೆ ಕಳಿಸ್ತೀರಿ, ಅಷ್ಟೇ ತಾನೆ?" ಎಂದ ಸೆಲ್ಬಿ ಮೆಲ್ಲಗೆ.

ಕಳಿಸಲಿಲ್ಲ. ಅದೇ ಮಧ್ಯಾಹ್ನ ಕಣ್ಣಿನ ಡಾಕ್ಟರು ನೋಡಿದರು. ಚೂರು ಕಣ್ಣುಗುಡ್ಡೆಯ ಹೊರಬದಿಯಲ್ಲಿ ಸಿಕ್ಕಿಕೊಂಡಿದೆ, ಸದ್ಯಕ್ಕೆ ಕೆದಕುವುದು ಬೇಡ, ಎಂಆರ್‌ಐ ಮಾತ್ರ ಸಲ್ಲದು, ತಪಾಸಣೆಗೆ ಬರುತ್ತಿರಿ ಎಂದರು. ಚಿತ್ರಗಳನ್ನು ಓದುವ ಡಾಕ್ಟರು ಬೆನ್ನಿಗೆ ಬೇರೆ ದಾರಿ ಹುಡುಕಿದರು. ಎರಡು ವಾರ ಕಳೆದು, ಬೆನ್ನುಹುರಿಯ ಸುತ್ತ ಸೂಜಿಯಲ್ಲಿ ಬಣ್ಣದ ಮದ್ದು ಬಿಟ್ಟು ಸಿಟಿ ಸ್ಕ್ಯಾನ್ ಮಾಡಿದರು. ಅದರಲ್ಲಿ ಅಯಸ್ಕಾಂತವಿಲ್ಲ. ಎರಡು ಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಅದುಮುತ್ತಿದ್ದದ್ದು ಚೆನ್ನಾಗಿ ಕಾಣಿಸಿತು. ಆಪರೇಷನ್ ಆಯಿತು. ಈಗ ಸೆಲ್ಬಿ ಮೆಟ್ಟಿಲನ್ನು ಎಡವದೆ ಹತ್ತುತ್ತಾನೆ.

ಎಫಿ ಬಿಸಿ ಬ್ರೆಡ್ಡು ಹಿಡಿದುಕೊಂಡು ವರ್ನಾಳ ಮನೆಗೆ ಹೋದಳು. ಸಿಸಿಲನಿಗೆ ಎಂಆರ್‌ಐ ಯಾವಾಗ ಎಂದು ಮುಖ ತಗ್ಗಿಸಿಕೊಂಡು ಕೇಳಿದಳು.

"ಅವನಿಗೆಲ್ಲಿಯ ಎಂಆರ್‌ಐ? ಅವನದು ಕೆಮ್ಮು, ಶ್ವಾಸಕೋಶ. ಅದಕ್ಕೆ ಸಿಟಿ ಬರೆದಿದ್ರು. ಆಗಿ ಎರಡು ತಿಂಗಳಾಯ್ತಲ್ಲ," ಎಂದಳು ವರ್ನಾ. ಆಮೇಲೆ ಅವಳಿಗೆ ಅರ್ಥವಾಯಿತು. "ಓಹೋ! ಅದಕ್ಕಾ ನನ್ನ ಜಾಮ್ ಬಾಟಲಿ ಇನ್ನೂ ವಾಪಸ್ ಬಂದಿಲ್ಲ!"

ಎಫಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನ್ನಿಸಿತು.

ಮರುದಿನ ಸೆಲ್ಬಿ ಎಕ್ಸ್‌ರೇ ಚಿತ್ರವನ್ನು ದೋಣಿಕಟ್ಟೆಗೆ ಒಯ್ದ. ಎಫಿಯೂ ಜೊತೆಗೆ ಹೋದಳು. ಲಿಯಾಂಡರ್ ಮಾವ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಆ ಬಿಳಿ ಚುಕ್ಕೆಯನ್ನು ನೋಡಿದ.

"ಬಂತು ಅಂದಿದ್ನಲ್ಲೋ ನಾನು."

"ಅಂದಿದ್ದೆ ಮಾವ."

ಮುದುಕ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡ. ಆಮೇಲೆ ಕೋಟಿನ ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದ. "ನನ್ನ ಮಂಡಿಗೂ ಅದೇ ಯಂತ್ರ ಅಂತೆ. ಬರೋ ಬುಧವಾರ. ತುಂಬಿ ಆಗಿದೆ."

ಎಫಿ ಹಾಳೆ ಬಿಡಿಸಿದಳು. ಎಲ್ಲದಕ್ಕೂ ‘ಇಲ್ಲ’.

"ಮಾವ, ನೀನು ಊರಿಗೆಲ್ಲಾ ತೆಗೆದೆ. ನಿನ್ನ ಕಣ್ಣಿಂದ ಯಾರು ತೆಗೀತಿದ್ರು?"

"ಯಾರಿದ್ರು ತೆಗಿಯೋಕೆ? ಕನ್ನಡಿ ಹಿಡ್ಕೊಂಡು ನಾನೇ," ಎಂದ ಲಿಯಾಂಡರ್ ಮಾವ. ಹಾಳೆಯತ್ತ ಕೈ ಚಾಚಿದ. "ಎಫಿ, ಒಂದು ಪೆನ್ ಕೊಡಮ್ಮಾ."

ಓದುವವರೇ, ಕೇಳುವವರೇ, ನಿಮ್ಮ ಮನೆಗೂ ಇಂಥ ಹಾಳೆ ಒಂದು ದಿನ ಬರಬಹುದು. ಸಂಶಯ ಪಡಬೇಡಿ ಎನ್ನುವುದಿಲ್ಲ, ಪಡಿ. ಆದರೆ ಅದನ್ನು ಬಾಯಿಬಿಟ್ಟು ಕೇಳಿ: ನನ್ನ ಕಾಯಿಲೆಗೆ ಈ ಪರೀಕ್ಷೆಯೇ ಯಾಕೆ, ಇದರಲ್ಲಿ ಏನು ಕಾಣುತ್ತದೆ, ನನಗೆ ಇದು ಒಗ್ಗುತ್ತದೆಯೇ? ದೊಡ್ಡ ಯಂತ್ರವೇ ಬೇಕೆಂದು ಹಟ ಹಿಡಿಯಬೇಡಿ, ಚಿಕ್ಕದೆಂದು ಮೂಗು ಮುರಿಯಬೇಡಿ. ಆಸ್ಪತ್ರೆಯವರು ಕೇಳುವುದಕ್ಕೂ ಇದ್ದದ್ದು ಇದ್ದಹಾಗೆ ಹೇಳಿ. ಕಣ್ಣಿಗೆ ಹಾರಿದ ಚೂರು, ಎದೆಯಲ್ಲಿಟ್ಟ ಯಂತ್ರ, ಮೈಯೊಳಗೆ ಉಳಿದ ಕಬ್ಬಿಣ, ಹೊಟ್ಟೆಯಲ್ಲಿರುವ ಮಗು, ಹಿಂದೆ ಒಗ್ಗದೆ ಹೋದ ಮದ್ದು, ಒಂದನ್ನೂ ಬಚ್ಚಿಡಬೇಡಿ. ನಿಮ್ಮವರು ಬಚ್ಚಿಟ್ಟರೆ ಎಫಿಯ ಹಾಗೆ ನೀವು ಹೇಳಿಬಿಡಿ. ಬೈಸಿಕೊಂಡರೂ ಪರವಾಗಿಲ್ಲ. ಬೈದ ಸೆಲ್ಬಿ ಈಗಲೂ ಹೆಂಡತಿಯ ಮುಖ ನೋಡಿಕೊಂಡೇ ಬೆಳಗಿನ ಟೀ ಕುಡಿಯುತ್ತಾನೆ.