ಹತ್ತು ಮಣಿಗೊಮ್ಮೆ ಒಡೆಯುವ ದನಿ

ಕುಟ್ಟನಾಡಿನ ನಮ್ಮ ಕಾಲುವೆಯ ಮೇಲೆ ಸಂಜೆಯ ಪ್ರಾರ್ಥನೆ ಆಚೆ ದಡಕ್ಕೂ ಕೇಳುತ್ತದೆ. ಹಾಗಾಗಿ ನನ್ನ ದನಿ ಕೆಟ್ಟ ಸುದ್ದಿಯನ್ನು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

"ಲಿಲ್ಲಿಕುಟ್ಟೀ, ನಿನ್ನೆ ಜಪಸರ ಹೇಳಿದ್ದು ನೀನೋ, ನಿಮ್ಮನೆ ಬಾತುಕೋಳಿಯೋ?" ಎಂದು ಪಕ್ಕದ ಮನೆಯ ತಂಗಚ್ಚನ್ ದೋಣಿಯಿಂದಲೇ ಕೂಗಿದ.

ನನಗೆ ಹನ್ನೆರಡನೇ ವಯಸ್ಸಿನಿಂದ ಮೂರ್ಛೆರೋಗ. ಮಾತ್ರೆಗಳಿಂದ ಹತೋಟಿಗೆ ಬರಲಿಲ್ಲವೆಂದು ಎಂಟು ತಿಂಗಳ ಹಿಂದೆ ಎಡ ಎದೆಯ ಚರ್ಮದಡಿ ಪುಟ್ಟ ಯಂತ್ರವೊಂದನ್ನು ಇಟ್ಟರು. ಅದರ ತಂತಿ ಕುತ್ತಿಗೆಯ ನರಕ್ಕೆ ಆಗಾಗ ಸಣ್ಣ ಕರೆಂಟು ಕೊಡುತ್ತದೆ. ವಾರಕ್ಕೆರಡು ಸಲ ಬರುತ್ತಿದ್ದ ಫಿಟ್ಸ್ ತಿಂಗಳಿಗೊಂದಕ್ಕೆ ಇಳಿಯಿತು. ಆದರೆ ಕಳೆದ ತಿಂಗಳು ಕರೆಂಟು ಏರಿಸಿದ ಮೇಲೆ ಪ್ರಾರ್ಥನೆಯ ನಡುವೆ ದನಿ ಒಡೆಯತೊಡಗಿತು.

"ಮೀಸೆ ಬರೋ ಹುಡುಗನ ದನಿ ಆಗೋಯ್ತಲ್ಲೇ! ಆ ಮಿಷನ್ನು ನಿಲ್ಸಿ ಅಂತ ಡಾಕ್ಟರಿಗೆ ಹೇಳು ಮೋಳೇ," ಎಂದರು ಅತ್ತೆ, ಕುಂಞೇಲಿ ಅಮ್ಮಚ್ಚಿ.

ಸೋಮವಾರ ಆಸ್ಪತ್ರೆಗೆ ತೋರಿಸಲು ಹೋದಾಗ ಹಾಗೇ ಹೇಳುವುದೆಂದು ನಾನೂ ನಿರ್ಧರಿಸಿದೆ. ನಮ್ಮ ಚರ್ಚಿನ ವಾರ್ಡಿನ ಮನೆಮನೆಯಲ್ಲಿ ಪ್ರಾರ್ಥನೆ ನಡೆಸುವವಳು ನಾನು. ದನಿ ಬಿಟ್ಟರೆ ನನ್ನಲ್ಲಿ ಇನ್ನೇನಿತ್ತು?

ಗುರುವಾರ ದನಿ ತಾನಾಗಿ ಸರಿಹೋಯಿತು. ಅಮ್ಮಚ್ಚಿ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿದರು. ಶನಿವಾರ ಬೆಳಿಗ್ಗೆ ಕಾಲುವೆ ಮೆಟ್ಟಿಲಲ್ಲಿ ಪಾತ್ರೆ ತೊಳೆಯುವಾಗ ಫಿಟ್ಸ್ ಬಂತು. ನೀರಿಗೆ ಜಾರುತ್ತಿದ್ದವಳನ್ನು ಅಮ್ಮಚ್ಚಿಯೇ ಜಡೆ ಹಿಡಿದು ಎಳೆದರಂತೆ.

ನೋಡಲು ಬಂದ ನರ್ಸ್, ನಾವು ಇತ್ತಾ ಅಂದರೆ ಅಕ್ಕ ಎಂದು ಕರೆಯುವ ಸುಬೈದಾ, ನನ್ನ ಕೊರಳಿಂದ ಯಂತ್ರದ ಮೇಲೆಯೇ ಇಳಿಬಿದ್ದಿದ್ದ ವೆಂದಿಂಗವನ್ನು, ಅಂದರೆ ಮಾತೆಯ ಚಿತ್ರದ ಪವಿತ್ರ ಬಟ್ಟೆತುಂಡನ್ನು, ಮುಟ್ಟಿ ನೋಡಿದರು. ದಪ್ಪಗಿತ್ತು. ಹೊಲಿಗೆ ಬಿಚ್ಚಿದರೆ ಒಳಗೆ ಆಸ್ಪತ್ರೆಯವರು ಕೊಟ್ಟಿದ್ದ ಅಯಸ್ಕಾಂತ!

"ಕಪಾಟಲ್ಲಿ ಸುಮ್ನೆ ಬಿದ್ದಿತ್ತು. ಮೈಮೇಲಿದ್ರೆ ಕಾಯುತ್ತೆ ಅಂತ ಬುಧವಾರ ಪಾದ್ರಿಗಳ ಹತ್ರ ಆಶೀರ್ವಾದ ಮಾಡಿಸಿ ನಾನೇ ಹೊಲಿದೆ," ಎಂದರು ಅಮ್ಮಚ್ಚಿ ಮೆಲ್ಲಗೆ.

"ಅಯ್ಯೋ ಅಮ್ಮಚ್ಚೀ! ಫಿಟ್ಸ್ ಬರೋ ಸೂಚನೆ ಸಿಕ್ಕಾಗ ಎದೆ ಮೇಲೆ ಒಂದ್ಸಲ ಸವರಿ ತೆಗೆಯೋಕೆ ಕೊಟ್ಟಿದ್ದು ಇದು, ಆಗ ಯಂತ್ರ ಇನ್ನೊಂದ್ಸಲ ಕರೆಂಟು ಕೊಡುತ್ತೆ. ಅಲ್ಲೇ ಕೂತ್ರೆ ಯಂತ್ರ ಕೆಲ್ಸ ನಿಲ್ಸುತ್ತೆ. ದನಿ ಸರಿಹೋಗಿದ್ದು ಅದಕ್ಕೇ. ಫಿಟ್ಸ್ ಬಂದಿದ್ದೂ ಅದಕ್ಕೇ ಇರ್ಬೇಕು."

"ಹಾಗಾದ್ರೆ ಇವಳ ದನಿ ಹೋಗ್ಲಿ ಅಂತೀಯಾ?"

"ಎಲ್ಲೂ ಹೋಗಲ್ಲ. ಜಪಸರ ತಗೊಳ್ಳಿ. ಲಿಲ್ಲಿ ಹೇಳ್ಲಿ, ನೀವು ಪ್ರಾರ್ಥನೆಗೊಂದರಂತೆ ಮಣಿ ಎಣಿಸಿ."

ಅಯಸ್ಕಾಂತವನ್ನು ದೂರವಿಟ್ಟು ನಾನು ಜಪ ಶುರುಮಾಡಿದೆ. ಸ್ವಲ್ಪ ಹೊತ್ತಿನಲ್ಲೇ ದನಿ ಒಡೆಯಿತು. ಅರ್ಧ ನಿಮಿಷದಲ್ಲಿ ತಿಳಿಯಾಯಿತು. ಮತ್ತೆ ಒಡೆದದ್ದು ಸುಮಾರು ಹತ್ತು ಮಣಿ ಜಾರಿದ ಮೇಲೆ. ಮೂರನೆಯ ಸಲವೂ ಅಷ್ಟೇ.

"ಇದು ಗಡಿಯಾರ ಕಣೇ!" ಎಂದರು ಅಮ್ಮಚ್ಚಿ.

"ನೋಡಿದ್ರಾ? ಯಂತ್ರ ಕರೆಂಟು ಕೊಡೋ ಹೊತ್ತಲ್ಲಿ ಮಾತ್ರ. ಕೆಲವ್ರಿಗೆ ಕೆಮ್ಮು ಬರುತ್ತೆ, ಗಂಟಲು ಜುಮ್ಮೆನ್ನುತ್ತೆ. ಬಹಳ ಜನಕ್ಕೆ ದಿನ ಕಳೆದಂತೆ ಕಮ್ಮಿಯಾಗುತ್ತೆ. ಆಗ್ದಿದ್ರೆ ಡಾಕ್ಟರು ಕರೆಂಟು ಹೊಂದಿಸ್ತಾರೆ. ಹೊರಗಿಂದಲೇ, ಕುಯ್ಯೋದೇನಿಲ್ಲ."

ಸೋಮವಾರ ನಾನು ಯಂತ್ರ ನಿಲ್ಲಿಸಿ ಎನ್ನಲಿಲ್ಲ. ಡಾಕ್ಟರು ಕರೆಂಟು ಕೊಂಚ ಇಳಿಸಿದರು. ಈಗಲೂ ಹತ್ತು ಮಣಿಗೊಮ್ಮೆ ದನಿ ತುಸು ಒರಟಾಗುತ್ತದೆ. ಆಗ ಅಮ್ಮಚ್ಚಿ ನನ್ನ ಪ್ರಾರ್ಥನೆಯ ಸಾಲನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಮೊನ್ನೆ ತಂಗಚ್ಚನ್ ನಗಲು ಬಾಯಿ ತೆರೆದಾಗ, "ಸುಮ್ನಿರೋ! ಅದು ನಮ್ಮ ಹುಡುಗಿನ ಕಾಯೋ ಸದ್ದು," ಎಂದು ಗದರಿದರು. ಆ ಸದ್ದಿಗೆ ನಾನು ಋಣಿ. ಜಡೆ ಹಿಡಿದೆಳೆದ ಆ ಕೈಗೂ.

ನಿಮ್ಮ ಮನೆಯಲ್ಲೂ ಇಂಥ ಯಂತ್ರ ಇಟ್ಟುಕೊಂಡವರಿದ್ದರೆ, ದನಿ ಬದಲಾಯಿತೆಂದು ಹೆದರಿ ಚಿಕಿತ್ಸೆ ನಿಲ್ಲಿಸಬೇಡಿ, ಮಾತ್ರೆಯನ್ನೂ ಬಿಡಬೇಡಿ. ಅಯಸ್ಕಾಂತವನ್ನು ಡಾಕ್ಟರು ಹೇಳಿದಂತೆ ಮಾತ್ರ ಬಳಸಿ. ಒಡೆದ ದನಿ ತಿಳಿಯಾಗದೇ ಉಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದಂತೆ, ಗಾಬರಿಯಾಗುವ ಮೊದಲು ಒಮ್ಮೆ ಎಣಿಸಿ ನೋಡಿ, ಎಣಿಸಿದ್ದನ್ನು ಡಾಕ್ಟರಿಗೆ ಹೇಳಿ. ಜಪಸರ ಇಲ್ಲದಿದ್ದರೆ ಗಡಿಯಾರವೂ ಆದೀತು.