ಸೇಬಿನ ಗಿಡಕ್ಕೆ ಹೊದಿಸಿದ ಕಂಬಳಿ

ಭರಮಸಾಗರದ ಕೆರೆಯ ಹಿಂದಿನ ಹಟ್ಟಿಯಲ್ಲಿ ಕುರಿ ಸಾಕುವ ಚಿತ್ರಲಿಂಗಪ್ಪನಷ್ಟು ಬುದ್ಧಿವಂತ ಮತ್ತೊಬ್ಬನಿರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ಅವನೊಬ್ಬನೇ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಟಗರು ಹೊಡೆದುಕೊಂಡು ಹೋದವನು, ಬಹುಮಾನ ಸಿಗದ ಸಿಟ್ಟಿಗೆ ಅಲ್ಲೇ ಒಂದು ಸೇಬು ಕೊಂಡು ತಿಂದ. ತಿಂದ ಮೇಲೆ ತಲೆಗೆ ಅದೇ ಹೊಕ್ಕಿತು. ಹೆಂಡತಿಯ ತಮ್ಮ ಪಾಲಯ್ಯ ಬೆಂಗಳೂರಿನ ಒಂದು ತೋಟದಲ್ಲಿ ಮಾಲಿ. ಅವನಿಗೆ ಹೇಳಿಕಳಿಸಿ, ಬೇರಿಗೆ ಗೋಣಿ ಸುತ್ತಿದ ಕಸಿ ಗಿಡವೊಂದನ್ನು ಚಿಕ್ಕಜಾಜೂರಿನವರೆಗೆ ರೈಲಿನಲ್ಲಿ ತರಿಸಿಕೊಂಡ. ಅಲ್ಲಿಂದ ಹಟ್ಟಿಗೆ ಗಾಡಿಯಲ್ಲಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ.

ನೆಟ್ಟದ್ದೆಲ್ಲಿ? ಬಾವಿಯ ಪಕ್ಕ, ಹೆಂಡತಿ ಉಚ್ಚಂಗಮ್ಮ ಎಮ್ಮೆ ಕಟ್ಟುತ್ತಿದ್ದ ತಂಪು ಜಾಗದಲ್ಲಿ. ಎಮ್ಮೆ ಬಿಸಿಲಿಗೆ ಹೋಯಿತು. ಹಾಲು ಇಳಿಯಿತು. ಉಚ್ಚಂಗಮ್ಮನ ದನಿ ಏರಿತು.

ಗಿಡ ಬೆಳೆಯಿತು, ಸುಳ್ಳು ಹೇಳಬಾರದು. ಆದರೆ ಹೂವೆಂಬುದು ಮಾತ್ರ ಇಲ್ಲ. ಚಿತ್ರಲಿಂಗಪ್ಪ ಅದಕ್ಕೂ ಕಾರಣ ಕಂಡುಹಿಡಿದ. ಮೈಸೂರಿನಲ್ಲಿ ಅವನು ಬಿಳಿ ದೊರೆಗಳನ್ನು ಕಂಡಿದ್ದ. ಚಳಿದೇಶದಿಂದ ಬಂದವರು, ಮೈಮೇಲೆ ಕೋಟಿನ ಮೇಲೆ ಕೋಟು. ಅಂದರೆ ಚಳಿದೇಶದವರಿಗೇ ಚಳಿ ಹೆಚ್ಚು. ಸೇಬೂ ಚಳಿದೇಶದ್ದು. ಕೋಟಿಲ್ಲದೆ ನಡುಗುತ್ತಿರುವ ಗಿಡ ಹೂ ಬಿಡುವುದಾದರೂ ಹೇಗೆ?

ಹುಟ್ಟಿದ ಮರಿಗೆ ಚಳಿಯಾದರೆ ಕಂಬಳಿ ಸುತ್ತಿ ಬೆಂಕಿಯ ಬಳಿ ಇಡುವುದು ಅವನ ಮನೆತನದ ಕಸುಬು. ಅದನ್ನೇ ಮಾಡಿದ. ದೀಪಾವಳಿ ಕಳೆದದ್ದೇ, ದಿನಾ ಹೊತ್ತು ಮುಳುಗುವಾಗ ಗಿಡಕ್ಕೆ ಕರಿಕಂಬಳಿ ಹೊದಿಸುವುದು, ಕೆಳಗೆ ಬೆರಣಿಯ ಕೆಂಡ ಇಡುವುದು, ಬೆಳಗ್ಗೆ ತೆಗೆಯುವುದು. ಮಹಾಶಿವರಾತ್ರಿಯವರೆಗೂ ಇದೇ ಪೂಜೆ. ಹಟ್ಟಿಯವರು ದಾರಿಯಲ್ಲಿ ಕಂಡಾಗಲೆಲ್ಲ ಕೇಳುತ್ತಿದ್ದರು, "ಏನಪ್ಪ, ಬಾಣಂತಿ ಹೆಂಗವ್ಳೆ?"

ಮೂರು ಚಳಿಗಾಲ ಹೀಗೇ ಹೋಯಿತು. ನಾಲ್ಕನೆಯದಕ್ಕೆ ಗಿಡ ಎತ್ತರವಾಗಿ, ಎರಡು ಕಂಬಳಿ ಸೇರಿಸಿ ಹೊಲಿದರೂ ಬಾವಿಯ ಮೇಲೆ ಚಾಚಿದ ಒಂದು ಕೊಂಬೆ ಹೊರಗೇ ಉಳಿಯಿತು. ಚಿತ್ರಲಿಂಗಪ್ಪ ಮನೆಯೊಳಗೆ ಹೋಗಿ ಹಾಸಿಗೆಯ ಮೇಲಿನ ಕಂಬಳಿಗೆ ಕೈ ಹಾಕಿದ.

"ಮುಟ್ಟಿದ್ರೆ ಕೈ ಮುರಿತೀನಿ," ಎಂದಳು ಉಚ್ಚಂಗಮ್ಮ. "ಎಮ್ಮೆಗಿಲ್ದಿದ್ದು, ನಂಗಿಲ್ದಿದ್ದು, ಆ ಕಡ್ಡಿಗೆ ಬೇಕಾ? ಕೇಳು, ಈ ಯುಗಾದಿ ಒಳಗೆ ಹೂ ಬಿಟ್ರೆ ಬಿಡ್ತು. ಇಲ್ಲಾಂದ್ರೆ ಕಡ್ದು ಒಲೆಗಾಕ್ತೀನಿ. ಎಮ್ಮೆ ಅದರ ಜಾಗಕ್ಕೆ ಬರ್ತೈತೆ."

ಅವಳು ಹೇಳಿದ್ದನ್ನು ಮಾಡುವವಳು. ಚಿತ್ರಲಿಂಗಪ್ಪ ಕೆಂಡ ಹೆಚ್ಚಿಸಿದ. ಹೊರಗುಳಿದ ಕೊಂಬೆಯ ಮುಂದೆ ಮಾತ್ರ ದಿನಾ ಸಂಜೆ ನಿಂತು, "ತಪ್ಪಾಯ್ತಪ್ಪ, ನಿನ್ನ ಪಾಲಿಂದು ಅವಳೇ ಹೊದ್ಕಂಡು ಮಲಗ್ತಾಳೆ," ಎಂದು ಕೈಮುಗಿದು ಬರುತ್ತಿದ್ದ.

ಯುಗಾದಿಯ ಬೆಳಗ್ಗೆ ಉಚ್ಚಂಗಮ್ಮ ಕೊಡಲಿಯನ್ನು ಬಾವಿಕಟ್ಟೆಗೆ ಒರಗಿಸಿ ಸ್ನಾನಕ್ಕೆ ಹೋದಳು. ಎಣ್ಣೆ ಹಚ್ಚಿಕೊಂಡು ಕೌಪೀನದಲ್ಲಿದ್ದ ಚಿತ್ರಲಿಂಗಪ್ಪ ಗಿಡಕ್ಕೆ ಕೊನೆಯ ಸಲ ಸುತ್ತು ಬಂದ. ಬಾವಿಯ ಮೇಲಿನ ಕೊಂಬೆಯಲ್ಲಿ ಬಿಳಿ ಹೂ! ಅಂಚಿಗೆ ಗುಲಾಬಿ ಬಣ್ಣ! ಅವನು ಅದೇ ವೇಷದಲ್ಲಿ ಹಟ್ಟಿಯ ನಡುವೆ ಓಡಿದ. "ಬರ್ರೋ! ನನ್ನ ಆರೈಕೆ ನೋಡ್ಬರ್ರೋ!"

ಹಟ್ಟಿಯವರು ನೆರೆದರು. ಹಬ್ಬಕ್ಕೆಂದು ಬಂದಿದ್ದ ಪಾಲಯ್ಯನೂ ಬಂದು, ಗಿಡವನ್ನು ಮೇಲಿಂದ ಕೆಳಗೆ ನೋಡಿದ.

"ಭಾವ, ಈ ಒಂದು ಕೊಂಬೆಗೆ ಏನ್ ಮಾಡಿದ್ರಿ? ಮಿಕ್ಕಿದ್ದೆಲ್ಲ ಯಾಕೆ ಬರಿದು?"

"ಮಿಕ್ಕಿದ್ದಕ್ಕೆಲ್ಲ ದಿನಾ ಕಂಬಳಿ, ಕೆಂಡ. ಇದೊಂದಕ್ಕೆ ಪಾಪ, ಕಂಬಳಿ ಸಾಲ್ಲಿಲ್ಲ..." ಹೇಳುತ್ತ ಹೇಳುತ್ತ ಚಿತ್ರಲಿಂಗಪ್ಪನ ದನಿ ತಾನಾಗಿ ತಗ್ಗಿತು.

ಪಾಲಯ್ಯ ನಕ್ಕು ನಕ್ಕು ಬಾವಿಕಟ್ಟೆಯ ಮೇಲೆ ಕುಂತುಬಿಟ್ಟ. "ಅಯ್ಯೋ ಭಾವ! ಅದರ ವಂಶಕ್ಕೇ ಚಳಿ ಬೇಕು. ಅಪ್ಪ ಅಜ್ಜನ ಕಾಲದಿಂದ ರಕ್ತದಲ್ಲೇ ಬಂದಿದ್ದು. ಚಳಿ ತಿಂದ್ರೇನೇ ಮೊಗ್ಗು ಏಳೋದು. ಒಂದು ಮೊಗ್ಗು ತಿಂದ ಚಳಿ ಇನ್ನೊಂದಕ್ಕೆ ಬರಲ್ಲ. ಅದಕ್ಕೇ ಚಳಿ ಕಮ್ಮಿ ಸಾಕಾಗೋ ಜಾತಿನೇ ಹುಡುಕಿ ನಿಮಗೆ ಕಳ್ಸಿದ್ದೆ. ಆ ಕಮ್ಮಿನೂ ಸಿಗದಂಗೆ ಬೆಂಕಿ ಕಾಯಿಸಿದೀರಲ್ಲ!"

"ಮೊದ್ಲೇ ಹೇಳ್ಬಾರ್ದೇನೋ!"

"ಮರಕ್ಕೆ ಕಂಬಳಿ ಹೊದಿಸ್ಬ್ಯಾಡ ಅಂತ ಯಾರಿಗಾದ್ರೂ ಹೇಳ್ತಾರೇನು ಭಾವ?"

ನಗು ಕೆರೆಯ ಏರಿಯವರೆಗೆ ಹೋಯಿತು. ನಾಲ್ಕು ಚಳಿಗಾಲ ಕಣ್ಣಿಗೆ ಹೊಗೆ ಕುಡಿಸಿಕೊಂಡು, ಬರಬೇಕಾದ ಹೂವನ್ನು ಬರದಂತೆ ಕಾದವನು ತಾನೇ ಎಂದು ಚಿತ್ರಲಿಂಗಪ್ಪನಿಗೆ ಹೊಳೆಯಿತು. ಯಾವ ಶತ್ರುವೂ ಇಷ್ಟು ಶ್ರದ್ಧೆಯಿಂದ ಕೆಡಿಸುತ್ತಿರಲಿಲ್ಲ. ಆದರೂ ಹೂವಂತೂ ಬಂದಿದೆ, ಮಾತು ಮಾತೇ. ಕೊಡಲಿಯನ್ನು ಮೆಲ್ಲಗೆ ಕಾಲಿನಿಂದ ಆಚೆ ಸರಿಸಿದ.

ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದ ಉಚ್ಚಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಕಂಬಳಿ ಕೊಡಲ್ಲ ಅಂದೋಳು ಯಾರು?"

"ನೀನೇ," ಎಂದ ಚಿತ್ರಲಿಂಗಪ್ಪ.

"ಹಂಗಾದ್ರೆ ಹೂ ಬಿಡಿಸಿದ್ದು ಯಾರು?"

ಅವನು ಆಚೆ ಸರಿಸಿದ ಕೊಡಲಿಯತ್ತ ಒಮ್ಮೆ ನೋಡಿದ. "ನೀನೇ."

"ಹಂಗಾದ್ರೆ ಗಿಡ ನಂದು. ಕಡಿಯಲ್ಲ. ನೀನು ಅದರತ್ರ ಸುಳೀಬ್ಯಾಡ."

"ಮತ್ತೆ ಎಮ್ಮೆ?"

ಉಚ್ಚಂಗಮ್ಮ ಮನೆಯ ಮುಂದಿನ ಬೇವಿನ ನೆರಳನ್ನು ನೋಡಿದಳು. ಚಿತ್ರಲಿಂಗಪ್ಪ ದಿನವಿಡೀ ಕುಂತು ಹೋಗುವವರಿಗೆ ಬರುವವರಿಗೆ ಬುದ್ಧಿ ಹೇಳುತ್ತಿದ್ದ ಜಾಗ ಅದು. ಅವನು ಅಲ್ಲಿ ಎಮ್ಮೆ ಕಟ್ಟಲು ಗೂಟ ಹುಡುಕುತ್ತ ಹೊರಟ.